ಪೊರೆ ಹಣ್ಣಾಗಲಿ ಎಂದು ಕಾಯಬೇಕೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 67 ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಜೋಳದ ಹಿಟ್ಟಿನಲ್ಲಿರುವ ಹುಳು ಕಾಣುವುದಿಲ್ಲ, ಹೊಸ್ತಿಲು ಎಡವುತ್ತಾರೆ. ಮುಂದಿನ ವಾರ ಊರ ಶಾಲೆಯಲ್ಲಿ ಉಚಿತ ಕಣ್ಣಿನ ತಪಾಸಣಾ ಶಿಬಿರವಿದೆ. ಕರೆದರೆ, ‘ಪೊರೆ ಇನ್ನೂ ಹಣ್ಣಾಗಿಲ್ಲ, ಪುಕ್ಕಟೆ ಆಪರೇಷನ್ ನನಗೆ ಬೇಡ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಬೀಳಗಿ ತಾಲ್ಲೂಕು

ಉತ್ತರ: ಅತ್ತೆಯವರನ್ನು ಬೈಯಬೇಡಿ ತಂಗಿ. ಅವರ ಮಾತು ಐವತ್ತು ವರ್ಷಗಳ ಹಿಂದೆ ಸರಿಯಾಗಿಯೇ ಇತ್ತು. ನಿಮ್ಮ ಬೀಳಗಿಯಲ್ಲೇ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸುತ್ತಿದ್ದ ಕಾಲ ಅದು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದವರು ಅವರು. ಆಗೆಲ್ಲ ಮಸುಕಾದ ಮಸೂರವನ್ನು ಕಣ್ಣಿನಿಂದ ಇಡಿಯಾಗಿ ತೆಗೆದು, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ನನ್ನ ಅಜ್ಜ ಆ ಕನ್ನಡಕಕ್ಕೆ ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದ. ಜಾತ್ರೆಯ ನೂಕುನುಗ್ಗಲಿನಲ್ಲಿ ಅದು ಬಿದ್ದು ಒಡೆದಾಗ ಹೊಸದು ಬರುವವರೆಗೆ ಮೊಮ್ಮಗಳ ಕೈ ಹಿಡಿದೇ ನಡೆದ. ಇಂಥ ಪಾಡಿಗಾಗಿ, ಅಷ್ಟಿಷ್ಟು ಕಾಣುವ ಕಣ್ಣನ್ನು ಯಾರು ಒಡ್ಡುತ್ತಾರೆ? ಪೂರ್ತಿ ಹಣ್ಣಾಗಲಿ ಎಂದು ಕಾಯುತ್ತಿದ್ದರು.

ಈಗ ಪೊರೆ ತೆಗೆದ ಜಾಗದಲ್ಲೇ ಹೊಸ ಮಸೂರ ಕೂರಿಸುತ್ತಾರೆ. ದಿನದ ಕೆಲಸಕ್ಕೆ ಅಡ್ಡಿಯಾದರೆ ಸಾಕು, ತೆಗೆಸಬಹುದು. ಕಾದಷ್ಟೂ ಪೊರೆ ಗಟ್ಟಿಯಾಗುತ್ತದೆ. ಕೆಲವರಲ್ಲಿ ಉಬ್ಬಿ, ಕಣ್ಣಿನ ಒತ್ತಡ ಏರಿಸಿ, ನರವನ್ನೇ ಕೆಡಿಸುತ್ತದೆ. ಹಾಗೆ ಹೋದ ದೃಷ್ಟಿ ಯಾವ ಆಪರೇಷನ್‌ನಿಂದಲೂ ಬಾರದು.

ಪುಕ್ಕಟೆ ಎಂಬ ಅಳುಕಿಗೆ ಉತ್ತರ ಮದುರೆಯಲ್ಲಿದೆ. ಈ ಮಸೂರ ಮೊದಲು ಹೊರದೇಶದಿಂದ ಬರುತ್ತಿತ್ತು, ಬಡವರ ಕೈಗೆಟುಕುತ್ತಿರಲಿಲ್ಲ. ಅಲ್ಲಿನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಆರಂಭಿಸಿ ತಾವೇ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ಅಲ್ಲಿ ಹಣ ಕೊಟ್ಟವರಿಂದ ಬಂದ ಗಳಿಕೆಯಲ್ಲೇ ಕೊಡಲಾಗದವರ ಚಿಕಿತ್ಸೆಯೂ ನಡೆಯುತ್ತದೆ.

ಒಂದು ಮಾತ್ರ ಕೇಳಿ ತಿಳಿದುಕೊಳ್ಳಿ: ಆಪರೇಷನ್ ಎಲ್ಲಿ? ಶಾಲೆಯಲ್ಲಿ ತಪಾಸಣೆಯಷ್ಟೇ ಆಗಬೇಕು, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ. ಬೆಂಚು ಜೋಡಿಸಿ ಅಲ್ಲೇ ಮಾಡುತ್ತೇವೆ ಎಂದರೆ ಅತ್ತೆಯವರನ್ನು ಕರೆದುಕೊಂಡು ಮನೆಗೆ ಬನ್ನಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯೂ ಜೊತೆಗಿರಲಿ.

ನೇತ್ರ ಸಹಾಯಕಿಯಾಗಿ 31 ವರ್ಷ ಶಿಬಿರಗಳಲ್ಲಿ ಹನಿ ಹಾಕಿದವಳು ನಾನು. ಒಲ್ಲೆ ಎಂದು ಎದ್ದು ಹೋದ ಹೆಂಗಸರನ್ನು ಪಕ್ಕಕ್ಕೆ ಕರೆದು ಕೇಳಿದರೆ, ಕತ್ತರಿಯ ಭಯಕ್ಕಿಂತ ಹೆಚ್ಚಾಗಿ ಬರುತ್ತಿದ್ದ ಮಾತು, ‘ಎಮ್ಮೆ ಹಿಂಡುವವರು ಯಾರು?’ ನಿಮ್ಮ ಅತ್ತೆಯವರ ಮನಸ್ಸಿನಲ್ಲೂ ಅಂಥದ್ದೇನೋ ಇರಬಹುದು. ಒಂದು ತಿಂಗಳು ಒಲೆ, ದನ ಎರಡೂ ನನ್ನ ಪಾಲಿಗೆ ಎಂದು ನೀವೇ ಬಾಯಿಬಿಟ್ಟು ಹೇಳಿ ನೋಡಿ. ವೈದ್ಯರು ಹೇಳಿದಷ್ಟು ದಿನ ಹೊತ್ತುಹೊತ್ತಿಗೆ ಹನಿ ಹಾಕುವುದನ್ನು ನಿಮ್ಮ ಯಜಮಾನರಿಗೆ ವಹಿಸಿ. ಹಾಂ, ಹಿಟ್ಟು ಸೋಸುವ ಜರಡಿಯನ್ನು ಬಚ್ಚಿಡಿ. ಕಣ್ಣು ಕಾಣಿಸಿದ ಮರುದಿನವೇ ಅವರು ಹುಳು ಹುಡುಕಲು ಕೂರುತ್ತಾರೆ, ಆ ದೂಳು ಹೊಸ ಕಣ್ಣಿಗೆ ಆಗದು.