ಓದುಗರ ಪ್ರಶ್ನೆ: ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುವುದು ಯಾವಾಗ, ಎಲ್ಲಿ?

ಪ್ರಶ್ನೆ: ನಾನು ತೀರ್ಥಹಳ್ಳಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಮ್ಮ ತಂದೆ ಮೇಸ್ತ್ರಿ. ಊರಿನ ಸುತ್ತಮುತ್ತ ಮನೆ, ಕೊಟ್ಟಿಗೆ, ಕಾಂಪೌಂಡ್ ಕೆಲಸಗಳನ್ನು ಗುತ್ತಿಗೆ ಹಿಡಿದು ಮಾಡಿಸುತ್ತಾರೆ. ಅದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಬೇಕೆಂಬುದು ನನ್ನ ಆಸೆ. ಪಿಯುಸಿ ಮುಗಿದ ಕೂಡಲೇ ಹೊರರಾಜ್ಯದ ಕಾಲೇಜೊಂದರಲ್ಲಿ ಮೂರು ವರ್ಷಕ್ಕೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಪದವಿ ಪಡೆಯಬಹುದು, ನಾಲ್ಕು ವರ್ಷ ಸಿವಿಲ್ ಓದಿ ಸಮಯ ಕಳೆಯಬೇಡ ಎಂದು ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಚಿಕ್ಕಪ್ಪನವರು ನಿಮ್ಮ ಒಳಿತಿಗೆಂದೇ ಹೇಳಿದ್ದಾರೆ, ಆದರೂ ಅವರ ಸಲಹೆಯನ್ನು ನಾನು ಒಪ್ಪಲಾರೆ. ಮೊದಲು ಸಿವಿಲ್ ಬಿ.ಇ. ಮುಗಿಸಿ, ಒಂದೆರಡು ವರ್ಷ ಸೈಟಿನಲ್ಲಿ ದುಡಿದು, ಅನಂತರ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುವುದೇ ನಿಮಗೆ ಸರಿಯಾದ ದಾರಿ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಹೆಸರಾದ ಸಂಸ್ಥೆಗಳು ಇದನ್ನು ಬಹುಮಟ್ಟಿಗೆ ಸ್ನಾತಕೋತ್ತರ ಹಂತದಲ್ಲಿಯೇ ಕಲಿಸುತ್ತವೆ. ನಿಮ್ಮೂರಿನಿಂದ ಆಗುಂಬೆ ಘಾಟಿ ಇಳಿದು ಮಂಗಳೂರಿನ ಕಡೆ ಹೋದರೆ ಸಿಗುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಆಂಡ್ ಮ್ಯಾನೇಜ್‌ಮೆಂಟ್ ಎಂಬ ಎಂ.ಟೆಕ್. ಇದೆ. ಮದ್ರಾಸ್ ಮತ್ತು ದೆಹಲಿಯ ಐಐಟಿಗಳಲ್ಲಿಯೂ ಈ ವಿಷಯದ ಎಂ.ಟೆಕ್. ಇದೆ. 1983ರಲ್ಲಿ ಆರಂಭವಾಗಿ ಈಗ ವಿಶ್ವವಿದ್ಯಾಲಯವಾಗಿರುವ ಪುಣೆಯ ನಿಕ್ಮಾರ್ ಇದಕ್ಕೆಂದೇ ಎಂಬಿಎ ನಡೆಸುತ್ತದೆ. ಮೂರು ವರ್ಷದ ಸಾಮಾನ್ಯ ಪದವಿಯೊಂದಿಗೆ ಇಂಥ ಎಂ.ಟೆಕ್.ಗೆ ಅರ್ಜಿ ಹಾಕಲು ಬರುವುದಿಲ್ಲ. ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಗೂ ಸಿವಿಲ್ ಎಂಜಿನಿಯರಿಂಗ್ ಪದವಿಯನ್ನೇ ಕೇಳುತ್ತಾರೆ. ಇಂದು ಉಳಿಸಿದ ಒಂದು ವರ್ಷಕ್ಕಾಗಿ ಮುಂದಿನ ಇಷ್ಟು ಅವಕಾಶಗಳನ್ನು ಕಳೆದುಕೊಳ್ಳುವುದು ಬೇಡ.

ಆದರೆ ಪ್ರವೇಶದ ನಿಯಮಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಈ ಓದಿನಲ್ಲಿ ಅಂದಾಜು ಪಟ್ಟಿ, ದರ ವಿಶ್ಲೇಷಣೆ, ಟೆಂಡರ್, ಕರಾರು, ಹಣದ ಹರಿವು, ಗುಣಮಟ್ಟ, ಕಾರ್ಮಿಕರ ಸುರಕ್ಷತೆ ಎಲ್ಲವೂ ಬರುತ್ತವೆ. ಇವೆಲ್ಲಕ್ಕೂ ಬೆನ್ನೆಲುಬಾಗಿರುವುದು ಕೆಲಸಗಳ ವೇಳಾಪಟ್ಟಿ. ಅಮೆರಿಕದಲ್ಲಿ 1957ರ ಸುಮಾರಿಗೆ ಡುಪಾಂಟ್ ಕಂಪನಿಯ ಕಾರ್ಖಾನೆಗಳ ಕೆಲಸಕ್ಕಾಗಿ ರೂಪುಗೊಂಡ ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್) ಎಂಬ ವಿಧಾನವನ್ನು ಇಂದಿಗೂ ಮೊದಲಿಗೆ ಕಲಿಸುತ್ತಾರೆ. ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ, ಯಾವುದು ತಡವಾದರೂ ಸುಧಾರಿಸಿಕೊಳ್ಳಬಹುದು ಎಂಬುದನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. ನಿಮ್ಮ ತಂದೆಯವರು ಕಟ್ಟುವ ಮನೆಯನ್ನೇ ನೋಡಿ. ಗೋಡೆ ಮೇಲೇಳದೆ ಸೆಂಟ್ರಿಂಗ್ ಹೊಡೆಯಲಾಗದು, ಸೆಂಟ್ರಿಂಗ್ ಆಗದೆ ಕಬ್ಬಿಣ ಕಟ್ಟಲಾಗದು, ಕಾಂಕ್ರೀಟ್ ಹಾಕಿದ ಮೇಲೆ ಕೆಳಗಿನ ಆಧಾರದ ಕಂಬಗಳನ್ನು ತೆಗೆಯಲು ಕಾಯಲೇಬೇಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಸಂಬಂಧಿಸಿದಂತೆ ಐಎಸ್ 456:2000 ಎಂಬ ಭಾರತೀಯ ಮಾನಕವು ಆಧಾರಗಳ ನಡುವಿನ ಅಂತರ 4.5 ಮೀಟರ್‌ವರೆಗಿರುವ ತಾರಸಿಗೆ 7 ದಿನ, ಅದಕ್ಕಿಂತ ಹೆಚ್ಚಾದರೆ 14 ದಿನ, 6 ಮೀಟರ್ ಮೀರಿದ ಬೀಮಿಗೆ 21 ದಿನ ಕಾಯಬೇಕೆನ್ನುತ್ತದೆ. ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿಗೆ ಇನ್ನೂ ಕೆಲವು ದಿನ ಸೇರಿಸಿಕೊಳ್ಳುವುದು ಕ್ಷೇಮ. ಅತ್ತ ಬಾಗಿಲು ಕಿಟಕಿಗಳ ಕದಗಳು ಬಡಗಿಯ ಬಳಿ ಎರಡು ವಾರ ಹೆಚ್ಚು ಉಳಿದರೂ ಮನೆಯ ಕೆಲಸ ನಿಲ್ಲುವುದಿಲ್ಲ.

ಮಲೆನಾಡಿನಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ನಿಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಸೂರು ಮುಚ್ಚದಿದ್ದರೆ ಗೋಡೆ ನೆನೆಯುತ್ತದೆ, ಪಾಯದ ಪಕ್ಕದ ಮಣ್ಣು ಕುಸಿಯುತ್ತದೆ, ಸಾಮಾನು ಹೊತ್ತ ಲಾರಿ ಮಣ್ಣಿನ ದಾರಿಯಲ್ಲಿ ಬರಲಾಗದೆ ನಿಲ್ಲುತ್ತದೆ. ಹಾಗಾದರೆ ಮಳೆ ನಿಂತ ಮೇಲೆ ಕೈಗೆ ಸಿಗುವ ಏಳೆಂಟು ತಿಂಗಳೂ ನಮ್ಮವೇ ಎಂದುಕೊಂಡರೆ ಅದೂ ನಿಜವಲ್ಲ. ಆಕಾಶ ತಿಳಿಯಾಗುವ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗುತ್ತದೆ, ಅದರ ಜೊತೆಗೇ ಭತ್ತದ ಕಟಾವು ಬರುತ್ತದೆ. ಗಾರೆ ಕೆಲಸಕ್ಕೆ ಕೈಯಾಳಾಗಿ ಬರುತ್ತಿದ್ದವರು ಕೊನೆ ಹೊರಲು, ಅಡಿಕೆ ಸುಲಿಯಲು ಹೋಗುತ್ತಾರೆ. ಕೆಲಸಕ್ಕೆ ಒದಗುವ ದಿನಗಳು ಇದ್ದಾಗ ಆಳು ಇಲ್ಲ, ಆಳು ಇದ್ದಾಗ ಮಳೆ. ರಿಸೋರ್ಸ್ ಲೆವೆಲಿಂಗ್ ಎಂಬ ಅಧ್ಯಾಯದಲ್ಲಿ ಪುಸ್ತಕ ಹೇಳುವುದು ಈ ಪೇಚನ್ನೇ, ಅಂದರೆ ಇರುವ ಆಳು ಮತ್ತು ಯಂತ್ರಗಳಿಗೆ ತಕ್ಕಂತೆ ಕೆಲಸಗಳನ್ನು ಹಿಂದೆ ಮುಂದೆ ಸರಿಸುವುದನ್ನು. ಹೆಚ್ಚು ಆಳು ಬೇಕಾದ ತಾರಸಿ ಕೆಲಸವನ್ನು ಕೊಯ್ಲು ಮುಗಿದ ನಂತರಕ್ಕೆ ಇಟ್ಟು, ಕಡಿಮೆ ಜನ ಸಾಕಾಗುವ ಪಾಯದ ಕೆಲಸವನ್ನು ಕೊಯ್ಲಿನ ನಡುವೆಯೇ ಮುಗಿಸುವ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ. ಅವರು ಮನಸ್ಸಿನಲ್ಲೇ ಮಾಡುವುದನ್ನು ಕಾಗದದ ಮೇಲೆ, ನೂರು ಕೆಲಸಗಳಿಗೆ, ಕೋಟಿಗಟ್ಟಲೆ ಹಣಕ್ಕೆ ಮಾಡಲು ಕಲಿಸುವುದೇ ವಿಶ್ವವಿದ್ಯಾಲಯದ ಕೆಲಸ.

ಸಿವಿಲ್ ಓದು ಮೊದಲು ಬೇಕೆನ್ನಲು ಇನ್ನೊಂದು ಉದಾಹರಣೆ ಕೊಡುತ್ತೇನೆ. 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಎಂದು ನಿಗದಿಯಾಗಿದೆ ಎಂದುಕೊಳ್ಳಿ. ಸಿಮೆಂಟಿಗೆ ನೀರಿನ ಪ್ರಮಾಣ 0.50 ಆಯಿತು. ಅದೇ ಚೀಲಕ್ಕೆ 100 ಕೆ.ಜಿ. ಮರಳು ಹಾಕುತ್ತೀರಿ, ಹಿಂದಿನ ರಾತ್ರಿ ಮಳೆ ಬಂದು ಆ ಮರಳಿನಲ್ಲಿ ನೂರಕ್ಕೆ 5ರಷ್ಟು ತೇವವಿದೆ. ಮರಳಿನ ಜೊತೆಯಲ್ಲೇ ಸುಮಾರು 5 ಲೀಟರ್ ನೀರು ಒಳಗೆ ಹೋಗಿ ಪ್ರಮಾಣ 0.60ರ ಹತ್ತಿರಕ್ಕೆ ಏರುತ್ತದೆ. ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ, ಕೆಲಸದವರಿಗೂ ಹಗುರವಾಗುತ್ತದೆ, ಬಲ ಮಾತ್ರ ಕಡಿಮೆಯಾಗುತ್ತದೆ. ಮರಳನ್ನು ತೂಗದೆ ಬಾಂಡ್ಲಿಯಲ್ಲಿ ಅಳೆಯುವ ಕಡೆ ಇನ್ನೊಂದು ತೊಡಕು ಸೇರುತ್ತದೆ: ತೇವಗೊಂಡ ಮರಳು ಉಬ್ಬುವುದರಿಂದ ಬಾಂಡ್ಲಿ ತುಂಬಿದ್ದರೂ ಅದರಲ್ಲಿ ನಿಜವಾದ ಮರಳು ಕಡಿಮೆ ಇರುತ್ತದೆ. ಆ ಬೆಳಿಗ್ಗೆ ಕಾಂಕ್ರೀಟ್ ಹಾಕಬೇಕೇ, ನೀರು ಕಡಿಮೆ ಮಾಡಿ ಹಾಕಬೇಕೇ, ಮರುದಿನಕ್ಕೆ ಮುಂದೂಡಬೇಕೇ ಎಂದು ತೀರ್ಮಾನಿಸುವವನೇ ಮ್ಯಾನೇಜರ್. ಸಾಮಗ್ರಿಯ ಗುಣ ತಿಳಿಯದವನು ಇಂಥ ತೀರ್ಮಾನವನ್ನು ವೇಳಾಪಟ್ಟಿ ನೋಡಿ ಕೊಡುತ್ತಾನೆ, ಮತ್ತು ಆ ತಾರಸಿಯ ಕೆಳಗೆ ವಾಸಿಸುವವರು ಬೇರೆಯವರು. ಈ ಕಾರಣಕ್ಕಾಗಿಯೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಿಇಟಿ ಬರೆದು ಸಿವಿಲ್ ಆರಿಸಿಕೊಳ್ಳಿ. ಎಲ್ಲರೂ ಕಂಪ್ಯೂಟರ್ ಸೈನ್ಸ್‌ನತ್ತ ನೋಡುತ್ತಾರೆಂದು ಹಿಂಜರಿಯಬೇಡಿ. ರಜೆಯಲ್ಲಿ ತಂದೆಯವರ ಜೊತೆ ಹೋಗಿ ಪ್ರತಿ ದಿನ ಎಷ್ಟು ಜನ ಬಂದರು, ಎಷ್ಟು ಕೆಲಸವಾಯಿತು, ಎಷ್ಟು ಚೀಲ ಖರ್ಚಾಯಿತು, ಕೆಲಸ ನಿಂತಿದ್ದರೆ ಏಕೆ ನಿಂತಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ದರ ವಿಶ್ಲೇಷಣೆಯ ಪಾಠ ಬಂದಾಗ ಆ ನೋಟ್‌ಬುಕ್ ನಿಮಗೆ ತುಂಬ ನೆರವಾಗುತ್ತದೆ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಸಾಗರದ ಸುತ್ತ ನಾಲ್ಕು ವರ್ಷಗಳಿಂದ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಅನುಭವವೇ ಸಾಕು, ಮತ್ತೆ ಓದುವುದೇಕೆ ಎನ್ನುತ್ತಾರೆ ನಮ್ಮ ಗುತ್ತಿಗೆದಾರರು. ನನಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗುವ ಆಸೆ ಇದೆ.

ಉತ್ತರ: ಅನುಭವ ನಿಮ್ಮ ಆಸ್ತಿ. ಆದರೆ ದೊಡ್ಡ ಕಂಪನಿಗಳಲ್ಲಿ ಆ ಹುದ್ದೆಗೆ ಏರಲು ಪದವಿ ಬೇಕಾಗುತ್ತದೆ, ಸ್ನಾತಕೋತ್ತರ ಓದಿಗಂತೂ ಅದಿಲ್ಲದೆ ಆಗದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. 1980ರಲ್ಲಿ ಆರಂಭವಾದ ಶಿವಮೊಗ್ಗದ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗವಿರುವುದರಿಂದ ಊರಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಬಿಟ್ಟುಹೋದ ಗಣಿತವನ್ನು ಈಗಲೇ ಸಂಜೆಯ ಹೊತ್ತು ಮತ್ತೆ ಹಿಡಿಯಿರಿ. ಕೆಲಸ ಮಾಡಿ ಬಂದವರು ಮೊದಲ ಸೆಮಿಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಎಡವುವುದು ಅಲ್ಲಿಯೇ.

ಓದಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದು ನಿಂತಿರುವುದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ. ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುವ ಆ ನೀರಿನ ನಡುವೆ ಪಾಯದ ಕೆಲಸವನ್ನು ಯಾವ ತಿಂಗಳಲ್ಲಿ ಇಟ್ಟುಕೊಳ್ಳಬೇಕು, ಯಂತ್ರಗಳನ್ನು ನೀರಿನ ಮೇಲೆ ಹೇಗೆ ಸಾಗಿಸಬೇಕು, ನೀರು ಏರಿದಾಗ ಆ ಜನರಿಗೆ ಬೇರೆ ಯಾವ ಕೆಲಸ ಕೊಡಬೇಕು ಎಂದು ನೀವೇ ಒಂದು ವೇಳಾಪಟ್ಟಿ ಬರೆದು ನೋಡಿ. ಅಲ್ಲಿ ಕೆಲಸ ಮಾಡಿದವರು ಸಿಕ್ಕರೆ ತೋರಿಸಿ ಕೇಳಿ. ಯಾವ ಪ್ರವೇಶ ಸಂದರ್ಶನದಲ್ಲಿಯೂ ಅದರ ಬಗ್ಗೆ ನೀವು ಆತ್ಮವಿಶ್ವಾಸದಿಂದ ಮಾತಾಡಬಹುದು.

ಪ್ರಶ್ನೆ: ನನ್ನ ಮಗಳು ಶಿವಮೊಗ್ಗದಲ್ಲಿ ಸಿವಿಲ್ ಅಂತಿಮ ವರ್ಷದಲ್ಲಿದ್ದಾಳೆ. ಸಾಲ ಮಾಡಿ ಖಾಸಗಿ ಸಂಸ್ಥೆಯಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂಬಿಎಗೆ ಸೇರಿಸಬೇಕೇ? ಹೆಣ್ಣುಮಕ್ಕಳಿಗೆ ಸೈಟಿನ ಕೆಲಸ ಸರಿಹೋಗುತ್ತದೆಯೇ?

ಉತ್ತರ: ಖಂಡಿತವಾಗಿ ಸರಿಹೋಗುತ್ತದೆ. ಪ್ಲಾನಿಂಗ್, ಬಿಲ್ಲಿಂಗ್, ಕ್ವಾಂಟಿಟಿ ಸರ್ವೆ, ಸುರಕ್ಷತೆ ಈ ವಿಭಾಗಗಳಲ್ಲಿ ಈಗ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ. ಆದರೆ ಹೆಣ್ಣುಮಗಳೆಂದು ಮೊದಲ ದಿನದಿಂದಲೇ ಆಫೀಸಿನಲ್ಲಿ ಕೂರಿಸುವ ಕಂಪನಿಯನ್ನು ಒಪ್ಪಿಕೊಳ್ಳಬಾರದು. ಸೈಟಿನಲ್ಲಿ ನಿಂತು ಕೆಲಸ ಮಾಡಿಸದವರು ಬರೆದ ವೇಳಾಪಟ್ಟಿಗೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ. ಕೆಲಸಕ್ಕೆ ಸೇರುವಾಗ ಸೈಟಿನಲ್ಲಿ ಶೌಚಾಲಯ, ವಸತಿ, ಸಂಜೆಯ ವಾಹನ ವ್ಯವಸ್ಥೆ ಹೇಗಿದೆ ಎಂದು ನೇರವಾಗಿ ಕೇಳಲಿ. ಇದು ಸಂಕೋಚಪಡುವ ವಿಷಯವಲ್ಲ.

ಸಾಲದ ವಿಚಾರದಲ್ಲಿ ಅವಸರ ಬೇಡ. ಎಂ.ಟೆಕ್. ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಅದರ ಮೂಲಕ ಎಂ.ಟೆಕ್. ಸೇರಿದವರಿಗೆ ಸಾಮಾನ್ಯವಾಗಿ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುತ್ತದೆ. ಎಲ್ ಆಂಡ್ ಟಿ ಕಂಪನಿಯ ಬಿಲ್ಡ್ ಇಂಡಿಯಾ ವಿದ್ಯಾರ್ಥಿವೇತನ ಪಡೆದವರನ್ನು ಕಂಪನಿಯೇ ಐಐಟಿ, ಎನ್‌ಐಟಿಗಳಲ್ಲಿ ಓದಿಸುತ್ತದೆ. ಓದಿದ ಮೇಲೆ ನಿಗದಿತ ಕಾಲ ಅಲ್ಲಿಯೇ ದುಡಿಯುವ ಕರಾರು ಇರುವುದರಿಂದ ಅದನ್ನು ಪೂರ್ತಿ ಓದಿ ಸಹಿ ಹಾಕಬೇಕು. ಖಾಸಗಿ ಸಂಸ್ಥೆಯೇ ಬೇಕೆನಿಸಿದರೆ, ಹಿಂದಿನ ವರ್ಷ ಓದಿದವರು ಯಾವ ಹುದ್ದೆಗೆ, ಯಾವ ಸಂಬಳಕ್ಕೆ ಸೇರಿದರೆಂದು ಅವರನ್ನೇ ಮಾತನಾಡಿಸಿ ತಿಳಿದುಕೊಳ್ಳಿ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಅಂತ್ಯಕ್ಕೆ ಅಥವಾ ಸೆಪ್ಟೆಂಬರ್‌ನಲ್ಲಿ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುತ್ತದೆ. ಅದರ ಅಂಕ ಮೂರು ವರ್ಷ ಮಾನ್ಯವಾಗಿರುತ್ತದೆ. ಹಾಗಾಗಿ ಮಗಳು ಅಂತಿಮ ವರ್ಷದಲ್ಲಿಯೇ ಪರೀಕ್ಷೆ ಬರೆದು, ಎರಡು ವರ್ಷ ಸೈಟಿನಲ್ಲಿ ಕೆಲಸ ಮಾಡಿ, ಅದೇ ಅಂಕದ ಮೇಲೆ ಎಂ.ಟೆಕ್.ಗೆ ಅರ್ಜಿ ಹಾಕಬಹುದು.