ಕಟಿಂಗ್ ವೀಲ್ ಯಾಕೆ ಒಡೆಯುತ್ತದೆ? ಲೋಹ ಕತ್ತರಿಸುವ ಮೆಷಿನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮಲ್ಲಿ 14 ಇಂಚಿನ ಕಟಾಫ್ ಮೆಷಿನ್ ಇದೆ. ಮೊನ್ನೆ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕತ್ತರಿಸುವಾಗ ಹೊಸ ವೀಲ್ ಇದ್ದಕ್ಕಿದ್ದಂತೆ ಚೂರಾಯಿತು. ಗಾರ್ಡ್ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ವೀಲ್ ಕಳಪೆ ಇದ್ದಿರಬಹುದೇ? ಬೇರೆ ಕಂಪನಿಯದು ಹಾಕಿದರೆ ಸರಿಹೋದೀತೇ?

ಉತ್ತರ: ಕಳಪೆ ವೀಲ್‌ಗಳು ಇಲ್ಲವೆಂದಲ್ಲ. ಆದರೆ ಹೊಸ ವೀಲ್ ಕತ್ತರಿಸುವಾಗಲೇ ಒಡೆದರೆ ಮೊದಲು ಅನುಮಾನ ಪಡಬೇಕಾದದ್ದು ವೈಸ್ ಮೇಲೆ, ಅಂದರೆ ಲೋಹವನ್ನು ಬಿಗಿದು ಹಿಡಿಯುವ ದವಡೆಯ ಮೇಲೆ. ಕಟಿಂಗ್ ವೀಲ್ ಎಂದರೆ ಸಾಣೆಯ ಹರಳುಗಳನ್ನು ರಾಳದಲ್ಲಿ ಕಲಸಿ, ಫೈಬರ್‌ಗ್ಲಾಸ್ ಜಾಲರಿ ಸೇರಿಸಿ ಒತ್ತಿದ, ಸುಮಾರು 3 ಮಿ.ಮೀ. ದಪ್ಪದ ಬಿಲ್ಲೆ. ಅಂಚಿನ ಮೇಲೆ ಬೀಳುವ ಒತ್ತಡವನ್ನು ಅದು ತಾಳಿಕೊಳ್ಳುತ್ತದೆ, ಪಕ್ಕದಿಂದ ಬೀಳುವುದನ್ನು ತಾಳುವುದಿಲ್ಲ. 355 ಮಿ.ಮೀ. ವ್ಯಾಸದ ವೀಲ್ ನಿಮಿಷಕ್ಕೆ 3,800 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಸೀಳಿನ ಎರಡು ಬದಿಗಳು ವೀಲನ್ನು ಒಮ್ಮೆ ಹಿಸುಕಿದರೆ ಮುಗಿಯಿತು.

ಹಿಸುಕುವುದು ಹೇಗೆಂದರೆ, 20 ಅಡಿಯ ಆಂಗಲ್‌ನ ಒಂದು ತುದಿ ವೈಸ್‌ನಲ್ಲಿದ್ದು ಉಳಿದ ಭಾಗ ನೆಲದತ್ತ ಜೋತು ಬಿದ್ದಿದ್ದರೆ, ಅದು ಏತದಂತೆ ಕೆಲಸ ಮಾಡಿ ಕತ್ತರಿಸುವ ತುದಿಯನ್ನು ವೀಲ್ ಕಡೆಗೆ ಎತ್ತುತ್ತದೆ. ಅದಕ್ಕಾಗಿ ಉದ್ದದ ಭಾಗಕ್ಕೆ ಮೆಷಿನ್ನಿನ ತಳದಷ್ಟೇ ಎತ್ತರದ ಆಸರೆಗಳನ್ನು ಕೊಡಬೇಕು. ತುಂಡಾಗಿ ಬೀಳುವ ಬದಿಯ ಮಾತು ಬೇರೆ. ಅದನ್ನು ಬಿಗಿಯಬಾರದು, ಅದರ ಕೆಳಗೆ ಎತ್ತರದ ಆಸರೆಯನ್ನೂ ಇಡಬಾರದು. ಎರಡೂ ತುದಿ ಎತ್ತರದಲ್ಲಿ ನಿಂತರೆ ನಡುವೆ ಕುಸಿದು ಸೀಳಿನ ಬಾಯಿ ಮೇಲಿನಿಂದ ಮುಚ್ಚಿಕೊಳ್ಳುತ್ತದೆ. ಬೀಳುವ ತುಂಡು ಭಾರವಿದ್ದರೆ ತಳದ ಮಟ್ಟಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಆಸರೆ ಇಡಿ. ಕಟ್ ಮುಗಿಯುವಾಗ ತುಂಡು ಕೆಳಗಿಳಿಯಬೇಕು, ಸೀಳು ಅಗಲವಾಗಬೇಕು.

ಆಂಗಲನ್ನು ಹೇಗೆ ಕೂರಿಸಿದ್ದಿರಿ ಎಂಬುದನ್ನು ನೀವು ಬರೆದಿಲ್ಲ. ಒಂದು ರೆಕ್ಕೆಯನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿದರೆ, ನಿಂತ ರೆಕ್ಕೆಯನ್ನು ಸಲೀಸಾಗಿ ಸೀಳಿಕೊಂಡು ಬಂದ ವೀಲ್ ಮಲಗಿದ ರೆಕ್ಕೆಗೆ ತಾಗಿದೊಡನೆ ಅದರ ಪೂರಾ ಅಗಲವನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. ಮೋಟಾರು ಗುಂಯ್ಗುಟ್ಟಿ ನಿಧಾನವಾಗುತ್ತದೆ, ಕೈ ತಾನಾಗಿಯೇ ಜೋರು ಹಾಕುತ್ತದೆ. ಆಂಗಲನ್ನು ಕವುಚಿ, ಮೂಲೆ ಮೇಲಕ್ಕೂ ಎರಡು ರೆಕ್ಕೆಗಳ ಅಂಚು ತಳಕ್ಕೂ ಬರುವಂತೆ ಕೂರಿಸಿದರೆ ವೀಲ್‌ಗೆ ಯಾವ ಹಂತದಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಲೋಹ ಸಿಗುತ್ತದೆ.

ಗಿಡ್ಡ ತುಂಡು ಕತ್ತರಿಸುವಾಗ ಇನ್ನೊಂದು ತೊಂದರೆ ಇದೆ. ವೈಸ್‌ನ ದವಡೆಯ ಒಂದು ಮೂಲೆ ಮಾತ್ರ ಕಚ್ಚಿಕೊಂಡು ದವಡೆ ಓರೆಯಾಗಿ ನಿಲ್ಲುತ್ತದೆ. ಬಿಗಿಯಾಗಿದೆ ಎಂದು ಕಂಡರೂ ವೀಲ್ ಇಳಿದ ಕೂಡಲೇ ತುಂಡು ತಿರುಗುತ್ತದೆ. ದವಡೆಯ ಆ ಕೊನೆಗೆ ಅದೇ ಅಳತೆಯ ಇನ್ನೊಂದು ತುಂಡನ್ನು ಇಟ್ಟು ಬಿಗಿದರೆ ಹಿಡಿತ ಸರಿಯಾಗುತ್ತದೆ. ಕೈಯಲ್ಲಿ ಹಿಡಿದು ಕತ್ತರಿಸುವುದು ಮಾತ್ರ ಎಷ್ಟೇ ಅವಸರವಿದ್ದರೂ ಕೂಡದು.

ಇನ್ನು ವೀಲ್ ವಿಷಯ. ಕೈಜಾರಿ ಬಿದ್ದ ವೀಲ್, ಅಂಚು ಚಕ್ಕೆ ಎದ್ದ ವೀಲ್, ನೀರು ಕುಡಿದ ವೀಲ್ ನೇರ ಕಸಕ್ಕೆ. ನಡುವಿನ ಲೋಹದ ಬಳೆಯ ಮೇಲೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಸಾಮಾನ್ಯವಾಗಿ ಅದು ತಯಾರಾದ ದಿನದಿಂದ 3 ವರ್ಷದ ಗಡುವು. ರಾಳ ತೇವ ಹೀರಿಕೊಂಡು ದುರ್ಬಲವಾಗುವುದರಿಂದ ಈ ಗಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ವೀಲ್‌ಗಳನ್ನು ಗೋಡೆಗೆ ಒರಗಿಸದೆ, ಒಣಗಿದ ಜಾಗದಲ್ಲಿ ಮಲಗಿಸಿ ಇಡಿ, ಒರಗಿಸಿಟ್ಟವು ಬಾಗುತ್ತವೆ.

ಹಾಕುವಾಗ ಮೊದಲು ಪ್ಲಗ್ ಕಿತ್ತುಬಿಡಿ. ವೀಲನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಒಳಗಿನ ಮತ್ತು ಹೊರಗಿನ ಫ್ಲ್ಯಾಂಜ್ ಬಿಲ್ಲೆಗಳು ಒಂದೇ ವ್ಯಾಸದ್ದಾಗಿರಬೇಕು, ವೀಲ್ ವ್ಯಾಸದ ಕಾಲು ಭಾಗಕ್ಕಿಂತ ಚಿಕ್ಕದಿರಬಾರದು, ಮುಖದ ಮೇಲೆ ಅಂಟಿದ ಲೋಹದ ಪುಡಿ ಒರೆಸಿರಬೇಕು. ಒಂದು ಕಣ ಸಿಕ್ಕಿಕೊಂಡರೂ ವೀಲ್ ಬಳುಕುತ್ತದೆ. ವೀಲ್ ಸ್ಪಿಂಡಲ್ (ವೀಲನ್ನು ತಿರುಗಿಸುವ ದಂಡ) ಮೇಲೆ ಸಡಿಲವಿಲ್ಲದೆ ಸಲೀಸಾಗಿ ಕೂರಬೇಕು. ತೂತು ಚಿಕ್ಕದೆಂದು ಅರದಿಂದ ಉಜ್ಜಿ ದೊಡ್ಡದು ಮಾಡುವುದಾಗಲಿ, ದೊಡ್ಡದೆಂದು ತಗಡು ಸುತ್ತಿ ಕೂರಿಸುವುದಾಗಲಿ ಬೇಡ. ಮೆಷಿನ್ ಜೊತೆಗೆ ಬಂದ ಸ್ಪ್ಯಾನರ್‌ನಲ್ಲೇ ಬಿಗಿಯಿರಿ, ಪೈಪ್ ತೂರಿಸಿ ಹಿಡಿ ಉದ್ದ ಮಾಡಬೇಡಿ. ಗಾರ್ಡ್ ಮುಚ್ಚಿ, ವೀಲ್ ತಿರುಗುವ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು, ಒಂದು ನಿಮಿಷ ಖಾಲಿ ಓಡಿಸಿ. ಒಡೆಯುವ ವೀಲ್ ಎಷ್ಟೋ ಸಲ ಈ ಮೊದಲ ನಿಮಿಷದಲ್ಲೇ ಒಡೆಯುತ್ತದೆ.

ಪ್ರಶ್ನೆ: ಅರ್ಧ ಸವೆದ ವೀಲ್ ಕತ್ತರಿಸುವುದೇ ಇಲ್ಲ, ಎಷ್ಟು ಒತ್ತಿದರೂ ಕಬ್ಬಿಣ ಕೆಂಪಗಾಗುತ್ತದೆ. ಹೊಸದು ಚೆನ್ನಾಗಿ ಕತ್ತರಿಸುತ್ತಿತ್ತು. ಯಾಕೆ ಹೀಗೆ?

ಉತ್ತರ: ಮೋಟಾರಿನ ಸುತ್ತು ಬದಲಾಗುವುದಿಲ್ಲ, ವ್ಯಾಸ ಕಡಿಮೆಯಾಗುತ್ತದೆ. 14 ಇಂಚಿನದು ಸವೆದು 10 ಇಂಚಾದಾಗ ಅಂಚಿನ ವೇಗ ಸೆಕೆಂಡಿಗೆ 70 ಮೀಟರಿನಿಂದ 50ಕ್ಕೆ ಇಳಿದಿರುತ್ತದೆ. ಒತ್ತಿದರೆ ಹರಳುಗಳು ಕತ್ತರಿಸುವ ಬದಲು ಉಜ್ಜುತ್ತವೆ, ಬಿಸಿ ಏರುತ್ತದೆ, ರಾಳ ಸುಡುತ್ತದೆ. ಹಗುರ ಒತ್ತಡದಲ್ಲಿ ತೆಳ್ಳಗಿನ ಪೈಪು, ಪಟ್ಟಿಗಳನ್ನು ಕತ್ತರಿಸಿ ಮುಗಿಸಿ. ಆದರೆ ಆ ಸವೆದ ವೀಲನ್ನು ಬಿಚ್ಚಿ ಕೈ ಗ್ರೈಂಡರ್‌ಗೆ ಹಾಕುವ ಯೋಚನೆ ಮಾತ್ರ ಬೇಡ. ಅದರ ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನನ್ನ 4 ಇಂಚಿನ ಗ್ರೈಂಡರ್‌ನಲ್ಲಿ ದಪ್ಪ ಪೈಪ್ ಪೂರ್ತಿ ಕತ್ತರಿಸಲಾಗದು. ಗಾರ್ಡ್ ತೆಗೆದು 7 ಇಂಚಿನ ಡಿಸ್ಕ್ ಹಾಕಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೇನೆ. ಹುಷಾರಾಗಿ ಮಾಡಿದರೆ ತಪ್ಪೇನು?

ಉತ್ತರ: ಹುಷಾರು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಿಸ್ಕ್ ಮೇಲೆ ಗರಿಷ್ಠ ಸುತ್ತು ಎಷ್ಟೆಂದು ಅಚ್ಚು ಹಾಕಿರುತ್ತಾರೆ, ಓದಿ ನೋಡಿ. 7 ಇಂಚಿನ ಡಿಸ್ಕ್‌ಗೆ ಅದು ನಿಮಿಷಕ್ಕೆ 8,500 ಆಸುಪಾಸು, ಅಂಚಿನ ವೇಗದ ಲೆಕ್ಕದಲ್ಲಿ ಸೆಕೆಂಡಿಗೆ 80 ಮೀಟರ್. ನಿಮ್ಮ ಚಿಕ್ಕ ಗ್ರೈಂಡರ್ ತಿರುಗುವುದು ಸುಮಾರು 11,000 ಸುತ್ತು. ಆ ಡಿಸ್ಕನ್ನು ಅದಕ್ಕೆ ಹಾಕಿದರೆ ಅಂಚು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಡಿಸ್ಕನ್ನು ಒಳಗಿನಿಂದ ಹರಿದು ಚೂರಾಗಿಸುವ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗರಿಷ್ಠ ಮಿತಿಯಲ್ಲಿ ಬೀಳುವುದಕ್ಕಿಂತ ಮೂರನೇ ಎರಡು ಪಾಲು ಹೆಚ್ಚು ಬಲ ಅದರ ಮೇಲೆ ಬೀಳುತ್ತದೆ. ಚೂರುಗಳನ್ನು ತಡೆಯಬೇಕಾದ ಗಾರ್ಡನ್ನೂ ನೀವೇ ಕಿತ್ತಿಟ್ಟಿರುತ್ತೀರಿ. ಮುಖ, ಕುತ್ತಿಗೆ, ತೊಡೆ ಎಲ್ಲವೂ ಡಿಸ್ಕ್‌ನ ನೇರದಲ್ಲಿರುತ್ತವೆ. ದಯವಿಟ್ಟು ಮಾಡಬೇಡಿ, ಮಾಡುವವರನ್ನು ಕಂಡರೆ ನಿಲ್ಲಿಸಿ.

ದಪ್ಪ ಪೈಪನ್ನು 4 ಇಂಚಿನ ಡಿಸ್ಕ್‌ನಲ್ಲೇ ಕತ್ತರಿಸಬಹುದು. ಸುತ್ತಲೂ ಗೆರೆ ಎಳೆದುಕೊಂಡು, ಪೈಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಬಿಗಿದು, ಗೆರೆಯುದ್ದಕ್ಕೂ ಪೈಪಿನ ಗೋಡೆಯನ್ನಷ್ಟೇ ಸೀಳುತ್ತಾ ಹೋದರಾಯಿತು. ಪಕ್ಕದ ಹಿಡಿಯನ್ನು ಬಿಚ್ಚಿಡಬೇಡಿ, ಎರಡೂ ಕೈಯಲ್ಲಿ ಹಿಡಿಯಿರಿ. ಕತ್ತರಿಸುವ ಡಿಸ್ಕ್‌ನ ಪಕ್ಕದಿಂದ ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಒರಟು) ಉಜ್ಜಬೇಡಿ, ಅದಕ್ಕೆ 6 ಮಿ.ಮೀ. ದಪ್ಪದ ಗ್ರೈಂಡಿಂಗ್ ವೀಲ್ ಬೇರೆಯೇ ಇದೆ. ಮರ ಕತ್ತರಿಸುವ ಹಲ್ಲಿನ ಬ್ಲೇಡನ್ನಂತೂ ಗ್ರೈಂಡರ್ ಹತ್ತಿರಕ್ಕೂ ತರಬೇಡಿ.

ಪ್ರಶ್ನೆ: ಕಾರ್ಬೈಡ್ (ಉಕ್ಕಿಗಿಂತ ಗಟ್ಟಿಯಾದ ವಸ್ತು) ಹಲ್ಲಿನ ಬ್ಲೇಡ್‌ಗಳು ಕಿಡಿ ಹಾರಿಸದೆ ತಣ್ಣಗೆ ಕತ್ತರಿಸುತ್ತವಂತೆ. ಅದನ್ನೇ ನಮ್ಮ ಕಟಾಫ್ ಮೆಷಿನ್‌ಗೆ ಹಾಕಬಹುದೇ? ಅಳತೆ, ತೂತು ಎರಡೂ ಹೊಂದುತ್ತವೆ.

ಉತ್ತರ: ಅಳತೆ ಹೊಂದಿದರೂ ಸುತ್ತು ಹೊಂದುವುದಿಲ್ಲ. 14 ಇಂಚಿನ ಕಾರ್ಬೈಡ್ ಬ್ಲೇಡ್‌ಗೆಂದೇ ಮಾಡಿದ ಮೆಷಿನ್‌ಗಳು ನಿಮಿಷಕ್ಕೆ 1,300ರಿಂದ 1,500 ಸುತ್ತು ಮಾತ್ರ ತಿರುಗುತ್ತವೆ. ನಿಮ್ಮದು 3,800. ಆ ವೇಗದಲ್ಲಿ ಹಲ್ಲುಗಳು ಕಬ್ಬಿಣಕ್ಕೆ ಬಡಿದು, ಬೆಸುಗೆ ಬಿಟ್ಟು ಗುಂಡಿನಂತೆ ಹಾರುತ್ತವೆ. ಆ ಬ್ಲೇಡ್ ಬೇಕೆಂದರೆ ಮೆಷಿನ್ನನ್ನೂ ಅದಕ್ಕೆ ತಕ್ಕದ್ದನ್ನೇ ತನ್ನಿ. ಬಹಳಷ್ಟು ಪೈಪು, ಆಂಗಲ್ ಕತ್ತರಿಸುವವರಿಗೆ ಅದು ಒಳ್ಳೆಯ ಆಯ್ಕೆ. ಧೂಳು ಕಡಿಮೆ, ಬರ್ ಕಡಿಮೆ, ಒಡೆಯುವ ವೀಲ್‌ನ ಭಯವಿಲ್ಲ. ಆದರೆ ಅದು ಉದುರಿಸುವ ಚಿಪ್‌ಗಳು ಚೂಪಾಗಿಯೂ ಬಿಸಿಯಾಗಿಯೂ ಇರುತ್ತವೆ, ಬ್ರಷ್‌ನಿಂದ ಗುಡಿಸಿ. ಗಟ್ಟಿ ಮಾಡಿದ ಉಕ್ಕನ್ನು ಅದರಲ್ಲಿ ಕತ್ತರಿಸಿದರೆ ಹಲ್ಲು ಹೋಗುತ್ತದೆ.

ಪ್ರಶ್ನೆ: ನಾನು ಯಾವಾಗಲೂ ಕನ್ನಡಕ ಹಾಕುತ್ತೇನೆ, ಓದುವ ಕನ್ನಡಕವೇ. ಅದು ಸಾಕಲ್ಲವೇ? ಕಣ್ಣಿಗೆ ಪುಡಿ ಬಿದ್ದರೆ ಏನು ಮಾಡಬೇಕು?

ಉತ್ತರ: ಸಾಲದು. ಅದರ ಪಕ್ಕ, ಕೆಳಗೆ ತೆರೆದೇ ಇರುತ್ತವೆ, ಗಾಜೂ ಏಟು ತಡೆಯಲೆಂದು ಮಾಡಿದ್ದಲ್ಲ. ಸುತ್ತಲೂ ಮುಚ್ಚುವ ಗಾಗಲ್ಸ್ ಹಾಕಿ, ಅದರ ಮೇಲೆ ಫೇಸ್ ಶೀಲ್ಡ್ ಹಾಕಿ. ಬರೀ ಫೇಸ್ ಶೀಲ್ಡ್ ಇದ್ದರೆ ಕೆಳಗಿನಿಂದ ಪುಟಿದ ಕಣ ಒಳಗೆ ಹೊಕ್ಕುತ್ತದೆ. ಕೆಲಸ ಮುಗಿಸಿ ಗಾಗಲ್ಸ್ ತೆಗೆಯುವ ಮೊದಲು ಹುಬ್ಬು, ಹಣೆ, ಕೂದಲ ಮೇಲಿನ ಪುಡಿಯನ್ನು ಕೊಡವಿಕೊಳ್ಳಿ. ಎಷ್ಟೋ ಸಲ ಕಣ್ಣಿಗೆ ಕಣ ಬೀಳುವುದು ಮೆಷಿನ್ ನಿಲ್ಲಿಸಿದ ಮೇಲೆ, ಮುಖ ಒರೆಸಿಕೊಳ್ಳುವಾಗ.

ಬಿದ್ದರೆ ಉಜ್ಜಬೇಡಿ. ಮೇಲುಮೇಲೆ ಇರುವ ಧೂಳಾದರೆ ಶುದ್ಧ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಚುಚ್ಚುವ ನೋವು ಉಳಿದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಕಬ್ಬಿಣದ ಕಣ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಕೂತರೆ ಒಂದು ದಿನದೊಳಗೇ ಅದರ ಸುತ್ತ ತುಕ್ಕಿನ ಉಂಗುರ ಮೂಡಬಹುದು, ಆಮೇಲೆ ಕಣದ ಜೊತೆ ಆ ತುಕ್ಕನ್ನೂ ಕೆರೆದು ತೆಗೆಯಬೇಕಾಗುತ್ತದೆ. ಬೆಂಕಿಕಡ್ಡಿಯಿಂದಲೋ ಅಯಸ್ಕಾಂತದಿಂದಲೋ ತೆಗೆಯಲು ಹೋಗಬೇಡಿ. ವೇಗವಾಗಿ ಬಡಿದ ಚೂರು ಕಣ್ಣಿನೊಳಕ್ಕೇ ಹೊಕ್ಕಿರಬಹುದೆಂಬ ಅನುಮಾನವಿದ್ದರೆ, ದೃಷ್ಟಿ ಮಂಜಾದರೆ, ತೊಳೆಯಲೂಬೇಡಿ, ಒತ್ತಲೂಬೇಡಿ. ಕಣ್ಣಿಗೆ ತಾಗದಂತೆ ಒಂದು ಲೋಟವನ್ನು ಕವುಚಿ ಹಿಡಿದು ಆಸ್ಪತ್ರೆಗೆ ಹೊರಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮುಂದೆಂದಾದರೂ ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ, ಲೋಹ ಕತ್ತರಿಸುವ ಕೆಲಸ ಮಾಡುತ್ತಿದ್ದೆ, ಕಣ್ಣಿಗೆ ಕಣ ಬಿದ್ದಿತ್ತು ಎಂದು ಮೊದಲೇ ಹೇಳಿ. ಒಳಗೆ ಉಳಿದ ಕಬ್ಬಿಣದ ಚೂರು ಆ ಕಾಂತದಲ್ಲಿ ಸರಿದಾಡಿ ಕಣ್ಣನ್ನೇ ಹಾಳುಮಾಡಬಹುದು.

ಕಿವಿಯನ್ನೂ ಮರೆಯಬೇಡಿ. ಈ ಮೆಷಿನ್‌ಗಳ ಸದ್ದು 100 ಡೆಸಿಬಲ್ ಮುಟ್ಟುವುದು ಮಾಮೂಲು. 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. ಅಂದರೆ 100ರಲ್ಲಿ ಬರೀ 15 ನಿಮಿಷ.

ಪ್ರಶ್ನೆ: ಅಲ್ಯುಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್, ಜಿಐ (ಸತು ಲೇಪಿಸಿದ ಕಬ್ಬಿಣ) ಎಲ್ಲಕ್ಕೂ ಒಂದೇ ವೀಲ್ ನಡೆಯುತ್ತದೆಯೇ?

ಉತ್ತರ: ಇಲ್ಲ. ಅಲ್ಯುಮಿನಿಯಂ ಕರಗಿ ವೀಲ್‌ನ ಹರಳುಗಳ ನಡುವೆ ತುಂಬಿಕೊಳ್ಳುತ್ತದೆ, ವೀಲ್ ನುಣುಪಾಗಿ, ಕಾದು, ಒಡೆಯುತ್ತದೆ. ಅದಕ್ಕೆ ಅಲ್ಯುಮಿನಿಯಂಗೆಂದೇ ಇರುವ ಹಲ್ಲಿನ ಬ್ಲೇಡ್ ಬೇಕು. ಅದರ ಧೂಳು ತುಕ್ಕಿನ ಪುಡಿಯ ಜೊತೆ ಬೆರೆತಲ್ಲಿಗೆ ಕಿಡಿ ಬಿದ್ದರೆ ಭೀಕರವಾಗಿ ಉರಿಯುತ್ತದೆ, ಹಾಗಾಗಿ ಎರಡನ್ನೂ ಬೇರೆ ಬೇರೆ ಗುಡಿಸಿ. ಸ್ಟೇನ್‌ಲೆಸ್‌ಗೆ ಕಬ್ಬಿಣ, ಗಂಧಕ, ಕ್ಲೋರಿನ್ ಇಲ್ಲದ ವೀಲ್ ಎಂದು ನಮೂದಿಸಿದ್ದನ್ನೇ ಬಳಸಿ, ಮಾಮೂಲು ಕಬ್ಬಿಣ ಕತ್ತರಿಸಿದ ವೀಲ್ ಹಾಕಿದರೆ ಕಟ್ ಆದ ಅಂಚಿಗೆ ಆಮೇಲೆ ತುಕ್ಕು ಹಿಡಿಯುತ್ತದೆ. ಜಿಐ ಕತ್ತರಿಸುವಾಗ ಸತುವಿನ ಹೊಗೆ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು ಶುರುವಾಗಿ ಒಂದೆರಡು ದಿನ ಕಾಡುತ್ತದೆ. ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು ಮಾಡಿ.

ಪ್ರಶ್ನೆ: ಖಾಲಿ ಆಯಿಲ್ ಡ್ರಮ್ ಅನ್ನು ಎರಡು ಭಾಗ ಮಾಡಬೇಕು. ತೊಳೆದು ಒಣಗಿಸಿದ್ದೇನೆ. ಕತ್ತರಿಸಬಹುದೇ?

ಉತ್ತರ: ಬೇಡ. ಎಣ್ಣೆ, ಪೆಟ್ರೋಲ್, ಪೇಂಟ್, ಥಿನ್ನರ್ ಇದ್ದ ಡ್ರಮ್‌ನ ಅಂಚಿನ ಮಡಿಕೆಗಳಲ್ಲಿ ಉಳಿದ ಅಂಶ ಬಿಸಿ ತಾಗಿದರೆ ಆವಿಯಾಗುತ್ತದೆ, ಆ ಆವಿಗೆ ಒಂದು ಕಿಡಿ ಸಾಕು. ಇಂಥ ಡ್ರಮ್‌ಗಳು ಸ್ಫೋಟಿಸಿ ಜನ ಸತ್ತಿದ್ದಾರೆ. ನಿಮಗೆ ಬೇಕಿರುವುದು ತೊಟ್ಟಿಯಾದರೆ ಹೊಸ ತಗಡಿನಲ್ಲಿ ಮಾಡಿಸಿ.

ಪ್ರಶ್ನೆ: ಕಿಡಿ ತಾನೇ ಆರಿಹೋಗುತ್ತದಲ್ಲ, ಬೆಂಕಿಯ ಭಯ ನಿಜಕ್ಕೂ ಇದೆಯೇ?

ಉತ್ತರ: ಇದೆ. ಹಾರುವ ಕಿಡಿ ಎಂದರೆ ಉರಿಯುತ್ತಿರುವ ಕಬ್ಬಿಣದ ಕಣ. ಗೋಡೆಯ ಸಂದಿ, ಮರದ ಹೊಟ್ಟು, ಹತ್ತಿ ಬಟ್ಟೆಯ ರಾಶಿಯೊಳಗೆ ಅದು ಹೊಕ್ಕರೆ ಮೇಲೆ ಏನೂ ಕಾಣದೆ ಒಳಗೇ ಕನಲುತ್ತಿರುತ್ತದೆ. ಸುತ್ತ 11 ಮೀಟರ್ ಒಳಗೆ ಉರಿಯುವ ವಸ್ತು ಇರಬಾರದೆಂಬುದು ವರ್ಕ್‌ಶಾಪ್‌ಗಳು ಪಾಲಿಸುವ ಲೆಕ್ಕ. ಸರಿಸಲಾಗದ್ದನ್ನು ಬೆಂಕಿ ತಡೆಯುವ ಹೊದಿಕೆಯಿಂದ ಮುಚ್ಚಿ. ಮೆಷಿನ್ ಹಿಂದೆ ಕಿಡಿ ಬೀಳುವ ಕಡೆ ತಗಡಿನ ತಡೆ ಇಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಕೆಲಸ ಮುಗಿದೊಡನೆ ಬೀಗ ಹಾಕಿ ಹೊರಡಬೇಡಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಜಾಗವನ್ನು ಕಾಯ್ದು ನೋಡಿ. ಮೈಮೇಲೆ ಹತ್ತಿಯ ಬಟ್ಟೆ ಇರಲಿ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟ್ ಬೂಟಿನ ಹೊರಗೆ ಇಳಿಬಿದ್ದಿರಲಿ, ಒಳಗೆ ಸಿಕ್ಕಿಸಿದರೆ ಕಿಡಿ ನೇರ ಬೂಟಿನೊಳಕ್ಕೆ ಜಾರುತ್ತದೆ.

ಪ್ರಶ್ನೆ: ಎಕ್ಸ್‌ಟೆನ್ಷನ್ ವೈರ್ ಹಾಕಿ ಓಡಿಸಿದಾಗ ಮೋಟಾರು ಬೇಗ ಬಿಸಿಯಾಗುತ್ತದೆ, ಶಕ್ತಿಯೂ ಕಡಿಮೆ. ಏನು ಕಾರಣ?

ಉತ್ತರ: ವೈರ್ ತೆಳ್ಳಗಿದೆ. 2,000 ವ್ಯಾಟ್ ಮೆಷಿನ್ 230 ವೋಲ್ಟ್‌ನಲ್ಲಿ 9 ಆಂಪ್ಸ್‌ನಷ್ಟು ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ವೈರ್‌ನಲ್ಲಿ ವೋಲ್ಟೇಜ್ ಬಿದ್ದಷ್ಟೂ ಮೋಟಾರು ತಿಣುಕುತ್ತದೆ. 2.5 ಚದರ ಮಿ.ಮೀ. ತಾಮ್ರದ, ಅರ್ಥ್ ಇರುವ ಮೂರೆಳೆಯ ವೈರ್ ಹಾಕಿ, ಆದಷ್ಟು ಗಿಡ್ಡದ್ದೇ ಇರಲಿ. ರೀಲ್‌ನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ ಬಳಸಿ, ಸುರುಳಿಯಲ್ಲೇ ಬಿಟ್ಟರೆ ಬಿಸಿ ಹೊರಹೋಗದೆ ಇನ್ಸುಲೇಷನ್ ಕರಗುತ್ತದೆ. ಲೋಹದ ಪುಡಿ ಮೋಟಾರಿನೊಳಗೆ ಸೇರಿ ಮೆಷಿನ್ನಿನ ಮೈಗೇ ಕರೆಂಟ್ ಬರಬಹುದಾದ್ದರಿಂದ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಮೂಲಕವೇ ಸಂಪರ್ಕ ಕೊಡಿ. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಗಾಗಲ್ಸ್ ಹಾಕಿಕೊಂಡು, ಒಣ ಗಾಳಿ ಊದಿ ಗಾಳಿಕಿಂಡಿ ಸ್ವಚ್ಛ ಮಾಡಿ. ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಷ್ ಇರುವಲ್ಲಿ ಕಿಡಿ ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್‌ಗಳನ್ನು ತೆಗೆದು ನೋಡಿ, ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.