ರುಡಿನ್ ಎರಡನೇ ಅಧ್ಯಾಯದಲ್ಲೇ ನಿಂತವರಿಗೆ

ಪ್ರಶ್ನೆ: ಕಲಬುರಗಿಯಲ್ಲಿ ಗಣಿತ ಎಂ.ಎಸ್ಸಿ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಬಿ.ಎಸ್ಸಿ.ಯನ್ನು ನೋಟ್ಸ್ ನೆಚ್ಚಿಕೊಂಡೇ ಮುಗಿಸಿದೆ. ಈಗ ರಿಯಲ್ ಅನಾಲಿಸಿಸ್‌ಗೆ ರುಡಿನ್ ಬರೆದ ಪಠ್ಯಪುಸ್ತಕ ಹಿಡಿದರೆ ಎರಡನೇ ಅಧ್ಯಾಯ ದಾಟುತ್ತಿಲ್ಲ. ಏನು ಮಾಡಲಿ?

ಉತ್ತರ: ಅಲ್ಲಿ ಎಡವುವವರು ನೀವೊಬ್ಬರೇ ಅಲ್ಲ. ರುಡಿನ್‌ನಲ್ಲಿ ಸೀಕ್ವೆನ್ಸ್ ಬರುವ ಮೊದಲೇ ಕಾಂಪ್ಯಾಕ್ಟ್ ಸೆಟ್ ಎಂಬ ಅಮೂರ್ತ ಕಲ್ಪನೆ ಎದುರಾಗುತ್ತದೆ. ಸದ್ಯ ಅದನ್ನು ಬದಿಗಿಟ್ಟು ಬಾರ್ಟಲ್–ಶೆರ್ಬರ್ಟ್ ಪುಸ್ತಕ ತೆಗೆದುಕೊಳ್ಳಿ. 3ರಿಂದ 5ನೇ ಅಧ್ಯಾಯ ಲೆಕ್ಕಗಳ ಸಮೇತ ಮುಗಿಸಿ, ಆಮೇಲೆ ರುಡಿನ್‌ಗೆ ಮರಳಿ.

ಪುಸ್ತಕ ಬದಲಿಸಿದರಷ್ಟೇ ಸಾಲದು. ಪ್ರತಿ ಪ್ರಮೇಯದಿಂದ ಒಂದೊಂದು ಷರತ್ತು ಕಿತ್ತು, ಎಲ್ಲಿ ಕೆಡುತ್ತದೆ ನೋಡಿ. ಎರಡೂ ತುದಿ ಸೇರಿದ, ಮಿತಿಯುಳ್ಳ ಇಂಟರ್ವಲ್ ಮೇಲೆ ನಿರಂತರವಾದ ಫಂಕ್ಷನ್ ಯೂನಿಫಾರ್ಮ್ ಆಗಿಯೂ ನಿರಂತರ; ಅಂದರೆ ಎರಡು ಬಿಂದುಗಳು ಎಲ್ಲೇ ಇರಲಿ, ಸಾಕಷ್ಟು ಹತ್ತಿರವಿದ್ದರೆ ಅಲ್ಲಿನ ಬೆಲೆಗಳೂ ಹತ್ತಿರ. ‘ಮಿತಿ’ ತೆಗೆಯಿರಿ, ವರ್ಗ ಮಾಡುವ ಫಂಕ್ಷನ್ ಹಾಕಿ: 100 ಮತ್ತು 100.01ರ ವರ್ಗಗಳ ಅಂತರ 2.0001; 1000 ಮತ್ತು 1000.001ರದ್ದು 2.000001. ಬಿಂದುಗಳು ಹತ್ತಿರವಾಗುತ್ತಲೇ ಹೋದರೂ ವರ್ಗಗಳ ನಡುವಿನ ಅಂತರ 2ಕ್ಕಿಂತ ಕೆಳಗಿಳಿಯುವುದಿಲ್ಲ. ‘ತುದಿ ಸೇರಿದ’ ತೆಗೆದರೆ ಏನಾಗುತ್ತದೆ? 0 ಮತ್ತು 1ರ ನಡುವೆ ವ್ಯುತ್ಕ್ರಮ (1/x) ಹಾಕಿ ನೀವೇ ನೋಡಿ.

ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್‌ನ ವಿಡಿಯೊ ಪಾಠಗಳು ಉಚಿತ. ಆದರೆ ಪ್ರಮೇಯದ ಸಾಧನೆ (ಪ್ರೂಫ್) ಶುರುವಾದ ಕೂಡಲೇ ವಿಡಿಯೊ ನಿಲ್ಲಿಸಿ, ಕಾಗದದ ಮೇಲೆ ಅರ್ಧ ಗಂಟೆ ಗುದ್ದಾಡಿ, ನಂತರ ಮುಂದುವರಿಸಿ. ನೋಡಿದ್ದೆಲ್ಲ ತಿಳಿದಂತೆನಿಸುವುದೇ ವಿಡಿಯೊದ ಕಾಟ. ಲೀನಿಯರ್ ಆಲ್ಜಿಬ್ರಾಗೆ ಹಾಫ್‌ಮನ್–ಕುಂಝೆ ಪುಸ್ತಕ ಸಾಕು. 1993ರಲ್ಲಿ ಶುರುವಾದ ಎಂಟಿಟಿಎಸ್ ಎಂಬ ಗಣಿತ ವಿದ್ಯಾರ್ಥಿಗಳ ಬೇಸಿಗೆ ಶಿಬಿರಕ್ಕೂ ಅರ್ಜಿ ಹಾಕಿ. ಅಲ್ಲಿ ಉಪನ್ಯಾಸಕ್ಕಿಂತ ಪ್ರಶ್ನೆಗಳೇ ಜಾಸ್ತಿ. ಸಲ್ಯೂಷನ್ ಪಿಡಿಎಫ್‌ಗಳನ್ನು ಮಾತ್ರ ಮೊಬೈಲ್‌ನಿಂದ ಅಳಿಸಿಬಿಡಿ.